ಕಾಲೇಜಿನ ಹಾಡಿನ ತಂಡ: ಕಾರ್ಯಕ್ರಮಕ್ಕೆ ನಾಲ್ಕು ವಾರ ಇರುವಾಗ

ಪ್ರತಿ ವರ್ಷ ಅಕ್ಟೋಬರ್ ಹತ್ತಿರ ಬಂದಾಗ ನನಗೆ ಒಂದೇ ಪ್ರಶ್ನೆ ಬರುತ್ತದೆ. "ನಮ್ಮ ಮಕ್ಕಳು ಒಬ್ಬೊಬ್ಬರೇ ಹಾಡಿದರೆ ಎಷ್ಟು ಚೆನ್ನಾಗಿರುತ್ತೆ. ಇಪ್ಪತ್ತು ಜನ ಸೇರಿದ ತಕ್ಷಣ ಗಲಾಟೆ ಆಗುತ್ತೆ. ಏನು ಮಾಡೋದು?" ಕೇಳುವವರು ಕೆಲವು ಸಲ ಸಾಂಸ್ಕೃತಿಕ ಸಮಿತಿಯ ಮೇಷ್ಟ್ರು. ಕೆಲವು ಸಲ ತಂಡದ ಜವಾಬ್ದಾರಿ ಹೊತ್ತ ಎಂಎ ಹುಡುಗಿ. ರಾಜ್ಯೋತ್ಸವ ಇರಬಹುದು, ವಾರ್ಷಿಕೋತ್ಸವ ಇರಬಹುದು, ತೊಂದರೆ ಅದೇ.

ನೇರವಾಗಿ ಹೇಳುತ್ತೇನೆ. ಗಲಾಟೆ ಆಗುವುದು ಸ್ವರ ಬಾರದ್ದರಿಂದ ಅಲ್ಲ, ಪಕ್ಕದವರನ್ನು ಯಾರೂ ಕೇಳಿಸಿಕೊಳ್ಳದೇ ಇರುವುದರಿಂದ. ಕೇಳಿಸಿಕೊಳ್ಳಬೇಕಾದರೆ ಪರಿಚಯ ಬೇಕು. ಬಿಕಾಂನವರು ಒಂದು ಮೂಲೆ, ಎಂಎಸ್ಸಿಯವರು ಇನ್ನೊಂದು ಮೂಲೆ ಹಿಡಿದು ನಿಂತರೆ ಹಾಡೂ ಎರಡು ಮೂಲೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಅಭ್ಯಾಸಕ್ಕೆ ಒಂದು ಸಮಯ, ಸ್ನೇಹಕ್ಕೆ ಬೇರೆ ಸಮಯ ಅಂತ ಇಡಬೇಡಿ. ಎರಡೂ ಒಂದೇ ಗಂಟೆಯಲ್ಲಿ ಆಗಲಿ. ಕೆಳಗಿನ ಹಂತಗಳನ್ನೆಲ್ಲ ಇದೇ ಲೆಕ್ಕದಲ್ಲಿ ಬರೆದಿದ್ದೇನೆ.

ನಾನು ಹಾಸನದ, ಇಪ್ಪತ್ನಾಲ್ಕು ಜನರ ತಂಡದ ಲೆಕ್ಕ ಹಿಡಿದು ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನವರು ಬಸ್ಸಿನ ಊರು, ಸಭಾಂಗಣದ ಹೆಸರು ಬದಲಾಯಿಸಿಕೊಂಡರೆ ಸಾಕು.

ಬೇಕಾಗುವ ಸಾಮಾನು ಕಮ್ಮಿ. ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡ್. ಫೋನಿನಲ್ಲಿ ತಂಬೂರಿ ಆ್ಯಪ್. ಎಲ್ಲರಿಗೂ ಒಂದೊಂದು ನೋಟ್‌ಬುಕ್ಕು, ಪೆನ್ಸಿಲ್ಲು. ಕಿಟಕಿ ಮುಚ್ಚಲು ಬರುವ ಒಂದು ಕ್ಲಾಸ್‌ರೂಮ್. ಜೊತೆಗೆ ತಾಳ ಹಾಕಿ ತಪ್ಪು ತೋರಿಸುವ ಒಬ್ಬರು. ಅವರೇ ಒಳ್ಳೆಯ ಹಾಡುಗಾರರಾಗಿರಬೇಕು ಅಂತಿಲ್ಲ, ಒಳ್ಳೆಯ ಕಿವಿ ಇದ್ದರಾಯಿತು.

1. ಮೊದಲು ಬಸ್ಸಿನ ಸಮಯ ಬರೆದುಕೊಳ್ಳಿ

ಹಾಡು ಆರಿಸುವುದಕ್ಕಿಂತ ಮುಂಚೆ ಈ ಕೆಲಸ. ನಮ್ಮ ಕಾಲೇಜುಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಆಲೂರು, ಬೇಲೂರು, ಹೊಳೆನರಸೀಪುರ, ಅರಸೀಕೆರೆ ಕಡೆಯಿಂದ ದಿನಾ ಓಡಾಡುವವರು. ಊರಿಗೆ ಹೋಗುವ ಬಸ್ಸು ಐದೂಮುಕ್ಕಾಲಿಗೆ ಇದ್ದರೆ ಆ ಹುಡುಗಿಯ ಮನಸ್ಸು ಐದು ಗಂಟೆಗೇ ಬಸ್ ಸ್ಟ್ಯಾಂಡಿಗೆ ಹೋಗಿರುತ್ತದೆ. ಪ್ರತಿಯೊಬ್ಬರ ಹೆಸರಿನ ಮುಂದೆ ಊರು ಮತ್ತು ಬಸ್ಸಿನ ಸಮಯ ಬರೆಯಿರಿ. ಎಲ್ಲರಿಗೂ ಹೊಂದುವ ಒಂದೂಕಾಲು ಗಂಟೆ ಅದರಲ್ಲೇ ಕಾಣುತ್ತದೆ.

ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂಕಾಲು ಗಂಟೆ. ನಾಲ್ಕು ವಾರಕ್ಕೆ ಹನ್ನೆರಡು ಅಭ್ಯಾಸ. ನಾಲ್ಕು ಹಾಡಿಗೆ ಇಷ್ಟು ಸಾಕು. ದಿನಾ ಮೂರು ಗಂಟೆ ಹಾಡಿಸಿದರೆ ಗಂಟಲು ಕೆಡುತ್ತದೆ, ಮಕ್ಕಳೂ ಕಮ್ಮಿಯಾಗುತ್ತಾರೆ.

ಎರಡು ಎಚ್ಚರಿಕೆ. ಅಭ್ಯಾಸದ ಜಾಗವನ್ನು ಊರಿನ ಇನ್ನೊಂದು ಕಡೆಗೆ ಬದಲಾಯಿಸುವ ಮುಂಚೆ ಹುಡುಗರ ಬಸ್ ಪಾಸ್ ಯಾವ ರೂಟಿನದು ಅಂತ ಕೇಳಿ. 2023ರ ಜೂನ್‌ನಿಂದ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಹುಡುಗರು ಪಾಸಿನ ರೂಟ್ ಬಿಟ್ಟರೆ ಕೈಯಿಂದ ಕೊಡಬೇಕು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ. ಇನ್ನೊಂದು, ನವೆಂಬರ್ 1ರ ಕಾರ್ಯಕ್ರಮವಾದರೆ ಹಾಸನಾಂಬೆ ದರ್ಶನದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿಯ ಬಾಗಿಲು ತೆಗೆದರೆ ದೀಪಾವಳಿಯವರೆಗೂ ಊರೆಲ್ಲ ಜನ. ಬಸ್ಸು ತಡ, ರಸ್ತೆ ಬಂದ್. ಆ ದಿನಗಳಲ್ಲಿ ಎಲ್ಲರೂ ಸೇರುತ್ತಾರೆ ಅಂತ ನಂಬಿ ಕೂರಬೇಡಿ.

2. ಪ್ರತಿಯೊಬ್ಬರ ಶ್ರುತಿ ನೋಡಿ

ಶ್ರುತಿ ಅಂದರೆ ಒಬ್ಬರ ಗಂಟಲಿಗೆ ಒಗ್ಗುವ ‘ಸ’ ಎಲ್ಲಿ ಕೂರುತ್ತದೆ ಅನ್ನುವುದು. ಅದನ್ನು ಮನೆ ಲೆಕ್ಕದಲ್ಲಿ ಹೇಳುತ್ತೇವೆ. ಕೀಬೋರ್ಡಿನ ಸಿ ಅಂದರೆ ಒಂದು ಮನೆ, ಜಿ ಅಂದರೆ ಐದು ಮನೆ. ಹುಡುಗಿಯರಿಗೆ ಸಾಮಾನ್ಯವಾಗಿ ಐದರ ಆಸುಪಾಸು, ಹುಡುಗರಿಗೆ ಒಂದು, ಒಂದೂವರೆ. ಮಿಶ್ರ ತಂಡದ ಕಷ್ಟವೆಲ್ಲ ಈ ಅಂತರದಲ್ಲೇ ಇದೆ.

ಎಲ್ಲರ ಎದುರು ಒಬ್ಬೊಬ್ಬರನ್ನೇ ಎಬ್ಬಿಸಿ ಹಾಡಿಸಬೇಡಿ. ನಾಲ್ಕು ನಾಲ್ಕು ಜನರನ್ನು ಕರೆದು ಸ, ಪ, ಮೇಲಿನ ಸ ಹಾಡಿಸಿ. ಆಮೇಲೆ ‘ಸ’ದಿಂದ ಕೆಳಗೆ ಎಲ್ಲಿವರೆಗೆ ಧ್ವನಿ ಇಳಿಯುತ್ತದೆ ನೋಡಿ. ಕತ್ತಿನ ನರ ಉಬ್ಬುತ್ತದೆಯಾ, ಗದ್ದ ಮೇಲೆ ಹೋಗುತ್ತದೆಯಾ ಗಮನಿಸಿ. ಅಲ್ಲಿಗೆ ಅವರ ಮಿತಿ ಮುಗಿಯಿತು. ಬರೆದುಕೊಳ್ಳಿ.

ಈಗ ಹಾಡಿನ ಅತಿ ಎತ್ತರದ ಸಾಲು ಮತ್ತು ಅತಿ ಕೆಳಗಿನ ಸಾಲು ಹುಡುಕಿ. ಹುಡುಗಿಯರು ಆ ಎರಡೂ ಸಾಲನ್ನು ಆರಾಮವಾಗಿ ಹಾಡುವ ಮನೆಯನ್ನು ಹಿಡಿಯಿರಿ. ಹುಡುಗರು ಅದೇ ಹಾಡನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಲಿ. ಸ್ಥಾಯಿ ಅಂದರೆ ‘ಸ’ದಿಂದ ಮುಂದಿನ ‘ಸ’ವರೆಗಿನ ಏಳು ಸ್ವರಗಳ ಸಾಲು. ಯಾವುದೋ ಸಾಲಿನಲ್ಲಿ ಹುಡುಗರಿಗೆ ಕೆಳಗೆ ಇಳಿಯಲು ಆಗದಿದ್ದರೆ ಆ ಸಾಲು ಹುಡುಗಿಯರಿಗೆ ಬಿಡಿ. ಎಲ್ಲರೂ ಎಲ್ಲ ಸಾಲೂ ಹಾಡಲೇಬೇಕು ಅನ್ನುವ ಹಟದಿಂದ ಹಾಳಾದ ಹಾಡುಗಳು ತುಂಬಾ.

ಚರ್ಚಿನ ಕ್ವಾಯರ್‌ನಲ್ಲಿ ಹಾಡಿ ಬಂದ ಮಕ್ಕಳು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅನ್ನುತ್ತಾರೆ. ಹುಡುಗಿಯರಲ್ಲಿ ಎತ್ತರದ ಧ್ವನಿ, ತಗ್ಗಿನ ಧ್ವನಿ, ಹುಡುಗರಲ್ಲಿ ಎತ್ತರದ ಧ್ವನಿ, ತಗ್ಗಿನ ಧ್ವನಿ ಅಂತ ಅರ್ಥ, ಅಷ್ಟೇ. ಅಂಥವರು ತಂಡದಲ್ಲಿದ್ದರೆ ಅದೃಷ್ಟ. ಪಕ್ಕದಲ್ಲಿ ಬೇರೆ ಸ್ವರ ಕೇಳಿಸುತ್ತಿದ್ದರೂ ತಮ್ಮ ಸ್ವರ ಬಿಡದೆ ಹಿಡಿಯುವುದು ಅವರಿಗೆ ರೂಢಿ. ಒಂದೊಂದು ಸಾಲಿಗೆ ಒಬ್ಬೊಬ್ಬರಂತೆ ಹಂಚಿ ನಿಲ್ಲಿಸಿ.

3. ಹಾಡು ಕಮ್ಮಿ ಇಟ್ಟುಕೊಳ್ಳಿ

ನಾಲ್ಕು ಹಾಡು ಸಾಕು. ಎರಡು ಎಲ್ಲರಿಗೂ ಗೊತ್ತಿರುವ ಭಾವಗೀತೆ, ಒಂದು ಜನಪದ, ಒಂದು ಹೊಸದು. ಗೊತ್ತಿರುವ ಹಾಡು ಸುಲಭ ಅಂದುಕೊಳ್ಳಬೇಡಿ. ಒಬ್ಬೊಬ್ಬರು ಒಂದೊಂದು ಕ್ಯಾಸೆಟ್, ಒಂದೊಂದು ವಿಡಿಯೊ ಕೇಳಿ ಕಲಿತಿರುತ್ತಾರೆ. ಎಲ್ಲಿ ಸಂಗತಿ ಹಾಕಬೇಕು (ಅಂದರೆ ಅದೇ ಸಾಲನ್ನು ಸ್ವಲ್ಪ ಬೇರೆ ಥರ ತಿರುಗಿಸಿ ಹಾಡುವುದು), ಎಲ್ಲಿ ಎಳೆಯಬೇಕು ಅಂತ ಮೊದಲ ದಿನವೇ ಒಂದೇ ರೀತಿ ಗೊತ್ತು ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿ.

ನಾಡಗೀತೆ ಹಾಡಬೇಕಿದ್ದರೆ ಅದನ್ನು ಬೇರೆಯೇ ಇಡಿ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಪಡಿಸಿದೆ. ಆಲಾಪ ಇಲ್ಲ, ಸಾಲು ಮರುಕಳಿಸುವುದಿಲ್ಲ, 2 ನಿಮಿಷ 30 ಸೆಕೆಂಡ್. ಗಡಿಯಾರ ಹಿಡಿದು ಅಭ್ಯಾಸ ಮಾಡಿ. ಬೇರೆ ಧಾಟಿಯಲ್ಲಿ ಕಲಿತ ಒಬ್ಬರಿದ್ದರೂ ನಡುವೆ ಎಡವುತ್ತಾರೆ. ರಾಷ್ಟ್ರಗೀತೆಗೆ 52 ಸೆಕೆಂಡ್.

4. ಮೊದಲ ವಾರ ರಾಗ ಬೇಡ, ಮಾತು ಹಾಡಿ

ಇದನ್ನು ಕೇಳಿದರೆ ಮಕ್ಕಳಿಗೆ ಬೇಜಾರು. ಹಾಡೋಕೆ ಬಂದರೆ ಓದಿಸ್ತಾರಲ್ಲ ಅಂತ. ಆದರೂ ಬಿಡಬೇಡಿ. ತಾಳ ಹಾಕಿಕೊಂಡು ಪದಗಳನ್ನು ಬರೀ ಮಾತಿನಲ್ಲಿ ಹೇಳಿಸಿ.

ಒಂದೇ ಒಂದು ಪದ ತೆಗೆದುಕೊಳ್ಳೋಣ. ‘ಹಸಿರು’. ಮೂರೇ ಅಕ್ಷರ. ಇಪ್ಪತ್ನಾಲ್ಕು ಜನ ಹಾಡುವಾಗ ಮೂರು ಕಡೆ ತಪ್ಪುತ್ತದೆ.

‘ಹ’. ನಮ್ಮ ಕಡೆ ಮಾತಿನಲ್ಲಿ ಹಾಸನ ‘ಆಸನ’ ಆಗುತ್ತದೆ, ಹಾಲು ‘ಆಲು’ ಆಗುತ್ತದೆ. ಅದು ನಮ್ಮ ಮಾತು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಜನಪದ ಹಾಡಿನಲ್ಲಿ ಹಾಗೇ ಹಾಡಿ, ಅದೇ ಚೆಂದ. ಆದರೆ ಭಾವಗೀತೆಯಲ್ಲಿ ಅರ್ಧ ಜನ ‘ಹ’, ಅರ್ಧ ಜನ ‘ಅ’ ಅಂದರೆ ಕೇಳುವವರಿಗೆ ಮೊದಲ ಅಕ್ಷರವೇ ಸಿಗುವುದಿಲ್ಲ. ಯಾವುದು ಅಂತ ಒಂದು ಗೊತ್ತು ಮಾಡಿ. ಮಾಡುವಾಗ ಯಾರ ಮಾತನ್ನೂ ತಪ್ಪು ಅನ್ನಬೇಡಿ. "ಈ ಹಾಡಿಗೆ ಇದು" ಅನ್ನಿ, ಸಾಕು. ಹಳ್ಳಿಯಿಂದ ಬಂದ ಮಗು ಬಾಯಿ ಮುಚ್ಚಿಕೊಳ್ಳುವುದು ಇಂಥ ಕಡೆಯೇ.

‘ಸಿ’. ಸ, ಶ, ಷ ಮೂರೂ ಗಾಳಿಯ ಅಕ್ಷರಗಳು. ಇಪ್ಪತ್ನಾಲ್ಕು ಬಾಯಿಂದ ಒಂದೊಂದು ಕ್ಷಣಕ್ಕೆ ಹೊರಟರೆ ಮೈಕಿನಲ್ಲಿ ‘ಸ್ಸ್ಸ್’ ಅಂತ ಕುಕ್ಕರಿನ ಹಬೆ ಬಿಟ್ಟ ಹಾಗೆ ಕೇಳಿಸುತ್ತದೆ. ನಾಲ್ಕು ಜನ ಮಾತ್ರ ಅದನ್ನು ಸ್ಪಷ್ಟವಾಗಿ ಅನ್ನಲಿ. ಉಳಿದವರು ಹಗುರಾಗಿ ತಾಗಿಸಿ ಮುಂದಿನ ‘ಇ’ಗೆ ಹೋಗಲಿ. ಸಭೆಯಲ್ಲಿ ಕೂತವರಿಗೆ ಎಲ್ಲರೂ ಅಂದ ಹಾಗೇ ಕೇಳಿಸುತ್ತದೆ.

‘ರು’. ಸಾಲಿನ ಕೊನೆಯ ‘ಉ’ವನ್ನು ಕೆಲವರು ಎಳೆಯುತ್ತಾರೆ, ಕೆಲವರು ನುಂಗುತ್ತಾರೆ. ಎಷ್ಟನೇ ಎಣಿಕೆಗೆ ಬಾಯಿ ಮುಚ್ಚಬೇಕು ಅಂತ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆಸಿ. ಒಟ್ಟಿಗೆ ಶುರು ಮಾಡುವುದನ್ನು ಎಲ್ಲ ತಂಡದವರೂ ಕಲಿಯುತ್ತಾರೆ. ಒಟ್ಟಿಗೆ ನಿಲ್ಲಿಸುವುದನ್ನು ಕಲಿತ ತಂಡದ ಹಾಡನ್ನೇ ಬೇರೆ ಥರ ಕೇಳುತ್ತಾರೆ.

ಹೀಗೆ ಒಂದು ಹಾಡಿನ ಎಲ್ಲ ಪದಗಳನ್ನೂ ನೋಡಿ. ಳ-ಲ, ಹ್ರಸ್ವ-ದೀರ್ಘ, ಎಲ್ಲ. ಎರಡು ಅಭ್ಯಾಸ ಹೋಗುತ್ತದೆ, ಹೋಗಲಿ.

5. ಎರಡನೇ ವಾರ ಕಿವಿಗೆ ಕೆಲಸ ಕೊಡಿ

ಪ್ರತಿ ದಿನ ಮೊದಲ ಹತ್ತು ನಿಮಿಷ ಗಂಟಲು ಬಿಸಿ ಮಾಡಲು. ಬಾಯಿ ಮುಚ್ಚಿ ‘ಮ್’, ತುಟಿ ಅದುರಿಸಿ ‘ಬ್ರ್ರ್’, ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಒಂದೆರಡು ಸರಳಿ ವರಸೆ, ಅಂದರೆ ಸಂಗೀತ ಕಲಿಯುವವರ ಮೊದಲ ಸ್ವರಪಾಠ, ನಿಧಾನವಾಗಿ. ಶಾಸ್ತ್ರೀಯ ಕಲಿತವರಿಗೆ ಅದು ಬಾಯಿಪಾಠ, ಕಲಿಯದವರು ಅವರ ಹಿಂದೆ ಹೋಗುತ್ತಾರೆ.

ನಂತರ ವೃತ್ತದಲ್ಲಿ ನಿಲ್ಲಿಸಿ. ಒಂದೇ ಕ್ಲಾಸಿನವರು ಅಕ್ಕಪಕ್ಕ ಬೇಡ. ಎಲ್ಲರೂ ‘ಸ’ ಹಿಡಿದು ‘ಮ್’ ಅನ್ನಲಿ. ನಿಯಮ ಒಂದೇ: ಎಡಗಡೆಯವರೂ ಬಲಗಡೆಯವರೂ ಕೇಳಿಸಬೇಕು. ಕೇಳಿಸದಿದ್ದರೆ ನಿಮ್ಮ ಧ್ವನಿ ಜಾಸ್ತಿ ಅಂತ ಅರ್ಥ. ಮೊದಲ ದಿನ ಒಂದು ನಿಮಿಷಕ್ಕೆ ನಗು ಬರುತ್ತದೆ. ನಾಲ್ಕನೇ ದಿನ ಗಮನಿಸಿ, ಇಪ್ಪತ್ನಾಲ್ಕು ಧ್ವನಿ ಹೋಗಿ ಕೋಣೆಯೇ ಗುಂಯ್ ಅನ್ನುವ ಕ್ಷಣ ಒಂದು ಬರುತ್ತದೆ. ಬೆಂಚಿನ ಮೇಲೆ ಕೈ ಇಟ್ಟರೆ ಮರ ನಡುಗುವುದು ತಿಳಿಯುತ್ತದೆ. ಅದನ್ನು ಒಂದು ಸಲ ಅನುಭವಿಸಿದ ಮಕ್ಕಳಿಗೆ ಮತ್ತೆ "ಕೂಗಬೇಡಿ" ಅಂತ ಹೇಳಬೇಕಾಗಿಲ್ಲ.

ಇನ್ನೊಂದು ಅಭ್ಯಾಸ. ತಂಬೂರಿ ಹಾಕಿಕೊಂಡು ಪಲ್ಲವಿ ಹಾಡಿ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಮೊದಲ ಸಾಲುಗಳು. ಚರಣ ಶುರುವಾದಾಗ ತಂಬೂರಿ ನಿಲ್ಲಿಸಿ. ಚರಣ ಮುಗಿದ ಕೂಡಲೇ ಮತ್ತೆ ಹಾಕಿ. ಶ್ರುತಿ ಇಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಇಳಿದೇ ಇರುತ್ತದೆ. ಬೈಯಬೇಡಿ, ಎಲ್ಲಿ ಇಳಿಯಿತು ಅಂತ ಅವರೇ ಹುಡುಕಲಿ.

ಉದ್ದ ಸಾಲುಗಳಿಗೆ ಸರದಿ ಉಸಿರು ಕಲಿಸಿ. ಅಂದರೆ ಪಕ್ಕಪಕ್ಕದ ಇಬ್ಬರು ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳಬಾರದು. ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ಸಾಲನ್ನು ಹಿಡಿದಿರಬೇಕು. ಯಾರು ಎಲ್ಲಿ ಅಂತ ಜೋಡಿಗಳು ತಾವೇ ಮಾತಾಡಿಕೊಂಡು ಗುರುತು ಹಾಕಿಕೊಳ್ಳಲಿ. ಹೆಸರೂ ಗೊತ್ತಿಲ್ಲದ ಇಬ್ಬರು ಆ ದಿನದಿಂದ ಮಾತಾಡಿಸಲು ಶುರು ಮಾಡುತ್ತಾರೆ. ನಾನು ನೋಡಿದ ಹಾಗೆ, ಮನಸ್ಸು ಹೊಂದಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಕಲಿಸುವವರು ಮಾಡುವ ದೊಡ್ಡ ತಪ್ಪು ಅಂದರೆ ತಾವೂ ಜೊತೆಗೆ ಹಾಡುತ್ತಲೇ ಇರುವುದು. ಆಗ ಮಕ್ಕಳು ನಿಮ್ಮ ಹಿಂದೆ ಅರ್ಧ ಅಕ್ಷರ ತಡವಾಗಿ ಬರುತ್ತಾರೆ, ನಿಮಗೆ ಅದು ಕೇಳಿಸುವುದೂ ಇಲ್ಲ. ಎರಡು ಸಲ ಹೇಳಿಕೊಡಿ. ಆಮೇಲೆ ಕೋಣೆಯ ಕೊನೆಗೆ ಹೋಗಿ ನಿಂತು ಕೇಳಿ.

ಶ್ರುತಿ ಸೇರದ ಮಗು ಇದ್ದರೆ ಏನು ಮಾಡೋದು ಅಂತ ತುಂಬಾ ಜನ ಕೇಳುತ್ತಾರೆ. "ನೀನು ಸುಮ್ನೆ ಬಾಯಿ ಆಡಿಸು" ಅಂತ ಮಾತ್ರ ಯಾವತ್ತೂ ಹೇಳಬೇಡಿ. ನಾನು ಪದವಿಯಲ್ಲಿದ್ದಾಗ ನನ್ನ ಗೆಳತಿಗೆ ಒಬ್ಬರು ಹಾಗೆ ಹೇಳಿದರು. ಮಗನಿಗೆ ಜೋಗುಳ ಹಾಡುವುದಕ್ಕೂ ಅವಳು ಹಿಂಜರಿದಿದ್ದನ್ನು ನೋಡಿದ್ದೇನೆ. ಅಂಥ ಮಗುವನ್ನು ಗಟ್ಟಿ ಶ್ರುತಿಯವರ ನಡುವೆ ನಿಲ್ಲಿಸಿ. ಮೆಲ್ಲಗೆ ಹಾಡಲು ಹೇಳಿ, ನಿಲ್ಲಿಸಲು ಹೇಳಬೇಡಿ. ದಿನಾ ಐದು ನಿಮಿಷ ಮುಂಚೆ ಬರಲು ಹೇಳಿ, ಒಬ್ಬ ಗೆಳೆಯನ ಜೊತೆ ಬರೀ ‘ಸ-ಪ’ ಹಿಡಿಸಿ. ಎರಡು ವಾರದಲ್ಲಿ ಹೆಚ್ಚಿನವರು ಸರಿಯಾಗುತ್ತಾರೆ.

6. ಕೊನೆಯ ಹತ್ತು ನಿಮಿಷ ‘ನಮ್ಮೂರ ಪದ’

ಪ್ರತಿ ಅಭ್ಯಾಸದ ಕೊನೆಗೆ ಒಬ್ಬರು ತಮ್ಮ ಮನೆಯಲ್ಲಿ, ಊರಲ್ಲಿ ಕೇಳಿದ ಒಂದು ಹಾಡಿನ ಎರಡು ಸಾಲು ಎಲ್ಲರಿಗೂ ಕಲಿಸಲಿ. ಅಜ್ಜಿ ಹೇಳುವ ಸೋಬಾನೆ, ಭಜನಾ ಮಂಡಳಿಯ ಪದ, ಚರ್ಚಿನ ಹಾಡು, ನಾಟಿ ಹಾಕುವಾಗಿನ ಹಾಡು, ಯಾವುದಾದರೂ ಸರಿ. ಸೋಬಾನೆಯಲ್ಲಿ ಒಬ್ಬರು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ ಅಲ್ವಾ? ನಾವು ಎರಡು ವಾರದಿಂದ ಕಲಿಸುತ್ತಿರುವ ಕೇಳುವ ಕೆಲಸ ಅದರೊಳಗೆ ಮೊದಲೇ ಇದೆ. ಅಭ್ಯಾಸದಲ್ಲಿ ಹಿಂದೆ ನಿಲ್ಲುವ ಹುಡುಗಿ ಅವತ್ತು ಮುಂದೆ ನಿಲ್ಲುತ್ತಾಳೆ, ಶಾಸ್ತ್ರೀಯ ಕಲಿತವರು ಅವಳ ಹಿಂದೆ ಹಾಡುತ್ತಾರೆ. ಆಮೇಲೆ ಅವರಿಬ್ಬರ ನಡುವಿನ ಮಾತೇ ಬೇರೆ ಆಗುತ್ತದೆ.

ತಿಂಡಿ ಇರಲಿ, ಆದರೆ ಹಾಡಿ ಮುಗಿದ ಮೇಲೆ. ಕಡ್ಲೆಪುರಿ, ಬಾಳೆಹಣ್ಣು ಸಾಕು. ಹಾಡುವ ಮುಂಚೆ ಪುರಿ ತಿಂದರೆ ಚೂರು ಗಂಟಲಲ್ಲಿ ಕೂತು ಕೆಮ್ಮು ಬರುತ್ತದೆ.

ಒಂದು ಭಾನುವಾರ ಹೊರಗೆ ಹೋಗುವುದಾದರೆ ಎರಡನೇ ವಾರದ ಕೊನೆಗೆ ಹೋಗಿ. ಹಳೇಬೀಡು ಹಾಸನದಿಂದ ಸುಮಾರು 30 ಕಿಲೋಮೀಟರ್. ಹೊಯ್ಸಳೇಶ್ವರ ಗುಡಿಯ ಗೋಡೆಯ ಮೇಲೆ ಮದ್ದಳೆಯವರು, ಕೊಳಲಿನವರು, ಕುಣಿಯುವವರು ಎಷ್ಟು ಜನ ಇದ್ದಾರೆ ಎಣಿಸಿ ಅಂತ ಜೋಡಿ ಜೋಡಿಯಾಗಿ ಕಳಿಸಿ. ಒಳಗೆ ಹಾಡುವ ಆಸೆ ಬರುತ್ತದೆ. ಅದು ಬೇಲೂರು, ಸೋಮನಾಥಪುರದ ಗುಡಿಗಳ ಜೊತೆ 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಜಾಗ, ಕಾವಲಿನವರನ್ನು ಕೇಳದೆ ಏನೂ ಮಾಡಬೇಡಿ. ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ಹೋದರೆ ಗೋಡೆಗಳ ಕೆಳಗೆ ನಿಲ್ಲಿಸಬೇಡಿ, ಅವು ಶಿಥಿಲವಾಗಿವೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅಲ್ಲಿವರೆಗೂ ಬರುತ್ತದೆ. ಹುಡುಗಿಯರ ಮನೆಯವರಿಗೆ ನೀವೇ ಫೋನ್ ಮಾಡಿ, ಎಷ್ಟು ಗಂಟೆಗೆ ವಾಪಸ್ ಅಂತ ಹೇಳಿ.

ಚಿಕ್ಕಮಗಳೂರಿನವರಿಗೆ ಒಂದು ಮಾತು. ಕಾರ್ಯಕ್ರಮದ ಹಿಂದಿನ ವಾರ ಮುಳ್ಳಯ್ಯನಗಿರಿ ಬೇಡವೇ ಬೇಡ. 1,930 ಮೀಟರ್ ಎತ್ತರದ ತಣ್ಣನೆ ಗಾಳಿ, ಮೇಲೆ ಹತ್ತಿದ ಖುಷಿಗೆ ಎಲ್ಲರೂ ಕೂಗುತ್ತಾರೆ. ಮಾರನೇ ದಿನ ಅರ್ಧ ತಂಡಕ್ಕೆ ಗಂಟಲಿರುವುದಿಲ್ಲ.

7. ಮೂರನೇ ವಾರ ವಾದ್ಯ, ಬೇಕಿದ್ದರೆ ಎರಡನೇ ಸ್ವರ

ತಬಲ, ಕೀಬೋರ್ಡಿನವರನ್ನು ಕೊನೆಯ ದಿನ ಕರೆಸಬೇಡಿ. ಮೂರು ಅಭ್ಯಾಸಕ್ಕಾದರೂ ಬರಲಿ. ನಡುವೆ ಬರುವ ಬಿಟ್ ಮ್ಯೂಸಿಕ್ ಎಷ್ಟು ಆವರ್ತ, ಅಂದರೆ ತಾಳದ ಎಷ್ಟು ಸುತ್ತು ಅಂತ ಎಣಿಸಿ ಬರೆಸಿ. ತಂಡ ತಪ್ಪುವುದು ಹಾಡುವ ಕಡೆ ಅಲ್ಲ, ಬಿಟ್ ಮುಗಿದು ಎತ್ತಿಕೊಳ್ಳುವ ಕಡೆ.

ಎರಡನೇ ಸ್ವರ ಸೇರಿಸುವ ಆಸೆ ಇದ್ದರೆ ಸರಳವಾಗಿಡಿ. ಕೆಲವರು ಹಾಡಿನ ಹಿಂದೆ ‘ಸ’ ಅಥವಾ ‘ಪ’ ಹಿಡಿದು ‘ಆ’ ಅನ್ನಲಿ. ರಾಗದಲ್ಲಿ ಇಲ್ಲದ ಸ್ವರ ತರಬೇಡಿ. ಮೋಹನ ರಾಗದಲ್ಲಿ ‘ಮ’ ಇಲ್ಲ, ಆ ರಾಗದ ಹಾಡಿಗೆ ‘ಮ’ ಹಿಡಿದರೆ ಹಾಡಿನ ಬಣ್ಣವೇ ಹೋಗುತ್ತದೆ.

ಈ ವಾರ ಪುಸ್ತಕ ಮುಚ್ಚಿಸಿ. ಬಟ್ಟೆಯ ವಿಚಾರವೂ ಈಗಲೇ ಮುಗಿಸಿ. ಮನೆಯಲ್ಲಿರುವ ಬಿಳಿ ಶರ್ಟು, ಅಮ್ಮನ ಸೀರೆ ಅಂದರೆ ಯಾರಿಗೂ ಖರ್ಚಿಲ್ಲ. ಒಂದೇ ಬಣ್ಣದ ಹೊಸ ಬಟ್ಟೆ ಅಂತ ಹಟ ಮಾಡಿದರೆ ಒಬ್ಬಿಬ್ಬರು ಏನೋ ನೆಪ ಹೇಳಿ ತಂಡ ಬಿಡುತ್ತಾರೆ.

8. ನಾಲ್ಕನೇ ವಾರ ಸ್ಟೇಜು ಮತ್ತು ಮೈಕು

ಹಾಸನಾಂಬ ಕಲಾಕ್ಷೇತ್ರವೋ ಕಾಲೇಜಿನ ಹಾಲೋ, ಒಂದು ದಿನ ಮುಂಚೆ ಅಲ್ಲೇ ನಿಂತು ಹಾಡಿ. ಕ್ಲಾಸ್‌ರೂಮಿನಲ್ಲಿ ಕೇಳಿಸುತ್ತಿದ್ದ ಪಕ್ಕದವರ ಧ್ವನಿ ದೊಡ್ಡ ಹಾಲಿನಲ್ಲಿ ಕೇಳಿಸುವುದಿಲ್ಲ. ಆಗ ಭಯಕ್ಕೆ ಕೂಗಲು ಶುರು ಮಾಡುತ್ತಾರೆ. ಅರ್ಧ ಚಂದ್ರದ ಹಾಗೆ ಬಾಗಿ, ಹತ್ತಿರ ಹತ್ತಿರ ನಿಲ್ಲಿಸಿದರೆ ಸರಿಹೋಗುತ್ತದೆ.

ಕೈಮೈಕು ಹಂಚಿಕೊಳ್ಳುವುದು ಬೇಡ. ಮೈಕ್ ಹಿಡಿದ ಆರು ಜನರ ಧ್ವನಿ ಮಾತ್ರ ಕೇಳಿಸುತ್ತದೆ. ಹನ್ನೆರಡು ಜನರ ಎರಡು ಸಾಲಿಗೆ ಸ್ಟ್ಯಾಂಡ್ ಮೇಲೆ ಮೂರು ಮೈಕ್ ಸಾಕು. ಲೆಕ್ಕ ಹೀಗೆ: ಬಾಯಿಂದ ಮೈಕಿಗೆ ಎಷ್ಟು ದೂರವೋ, ಮೈಕಿನಿಂದ ಮೈಕಿಗೆ ಅದರ ಮೂರರಷ್ಟು. ಬಾಯಿಂದ ಎರಡು ಅಡಿ ಇದ್ದರೆ ಮೈಕುಗಳ ನಡುವೆ ಆರು ಅಡಿ. ಸೌಂಡ್‌ನವರಿಗೆ ಎರಡು ಮಾತು ಹೇಳಿ: ಎಕೋ ಕಮ್ಮಿ ಇಡಿ, ನಮ್ಮ ಕಡೆಗೂ ಒಂದು ಸ್ಪೀಕರ್ ತಿರುಗಿಸಿ. ಆ ಸ್ಪೀಕರಿಗೆ ಮಾನಿಟರ್ ಅನ್ನುತ್ತಾರೆ. ಅದನ್ನು ಮೈಕಿನ ಮುಖಕ್ಕೆ ಇಟ್ಟರೆ ‘ಕೂಂಯ್’ ಅನ್ನುತ್ತದೆ, ಪಕ್ಕಕ್ಕೆ ಇಡಿಸಿ. ಅತಿ ಜೋರಿನ ಒಂದು ಸಾಲು, ಅತಿ ಮೆಲ್ಲಗಿನ ಒಂದು ಸಾಲು ಹಾಡಿ ನೋಡಿದರೆ ಸೌಂಡ್ ಚೆಕ್ ಆಯಿತು. ಪೂರ್ತಿ ಹಾಡಿ ಗಂಟಲು ಖರ್ಚು ಮಾಡಬೇಡಿ.

ಈ ವಾರ ಪೂರ್ತಿ ಕ್ರಿಕೆಟ್ ಮ್ಯಾಚಿನಲ್ಲಿ ಕೂಗುವುದು ಬೇಡ ಅಂತ ಹೇಳಿ. ಗಂಟಲು ಕಟ್ಟಿದವರು ಪಿಸುಗುಟ್ಟುತ್ತಾರೆ, ಅದರಿಂದಲೂ ಗಂಟಲಿಗೆ ಶ್ರಮ. ಮಾತು ಕಮ್ಮಿ ಮಾಡಿ, ನೀರು ಕುಡಿದು, ಚೆನ್ನಾಗಿ ನಿದ್ದೆ ಮಾಡಲಿ. ಎರಡು ವಾರಕ್ಕಿಂತ ಜಾಸ್ತಿ ಧ್ವನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ.

9. ಆ ದಿನ

ಹಾಡುವ ಎರಡು ಗಂಟೆ ಮುಂಚೆ ಊಟ ಮುಗಿದಿರಲಿ. ಪರದೆ ಹಿಂದೆ ಹೊಸ ತಿದ್ದುಪಡಿ ಹೇಳಬೇಡಿ, ಒಂದೂ ಬೇಡ. ವೃತ್ತದಲ್ಲಿ ನಿಲ್ಲಿಸಿ, ಎರಡನೇ ವಾರದ ‘ಮ್’ ಒಂದು ನಿಮಿಷ. ಅಷ್ಟೇ. ನಿರೂಪಕರ ಕೈಗೆ ಹಾಡು ಬರೆದ ಕವಿ, ಸ್ವರ ಹಾಕಿದವರ ಹೆಸರಿರುವ ಚೀಟಿ ಕೊಡಿ. ತಬಲ, ಕೀಬೋರ್ಡಿನವರ ಹೆಸರೂ ಅದರಲ್ಲಿರಲಿ.

ಕಾರ್ಯಕ್ರಮ ಮುಗಿಯುವಾಗ ರಾತ್ರಿ ಒಂಬತ್ತಾಗುತ್ತದೆ, ಹಳ್ಳಿ ಕಡೆ ಬಸ್ಸಿರುವುದಿಲ್ಲ. ಮೊದಲ ಹಂತದಲ್ಲಿ ಬರೆದ ಬಸ್ಸಿನ ಪಟ್ಟಿ ಇಟ್ಟುಕೊಂಡಿದ್ದೀರಲ್ಲ, ಅದನ್ನು ತೆಗೆಯಿರಿ. ಯಾರು ಯಾರ ಮನೆಯಲ್ಲಿ ಉಳಿಯುತ್ತಾರೆ, ಯಾರನ್ನು ಯಾರು ಬಿಡುತ್ತಾರೆ ಅಂತ ಎರಡು ದಿನ ಮುಂಚೆಯೇ ಹೆಸರಿನ ಮುಂದೆ ಬರೆದಿರಿ. ಇಷ್ಟು ಹೊತ್ತಿಗೆ ಆಲೂರಿನ ಹುಡುಗಿಯನ್ನು "ನಮ್ಮನೇಲಿ ಉಳ್ಕೋ ಬಾರೆ" ಅಂತ ಕರೆಯುವವರು ತಂಡದಲ್ಲೇ ಇರುತ್ತಾರೆ. ಗ್ರೂಪಿನಲ್ಲಿ ಒಬ್ಬೊಬ್ಬರೇ "ಮನೆ ಸೇರಿದೆ" ಅಂತ ಹಾಕಿದಂತೆಲ್ಲ ಪಟ್ಟಿಯಲ್ಲಿ ಒಂದೊಂದು ಗುರುತು ಹಾಕಿ. ಇಪ್ಪತ್ನಾಲ್ಕನೇ ಗುರುತು ಬಿದ್ದ ಮೇಲೆ ಫೋನ್ ಕೆಳಗಿಡಿ.